ನಡುವೆ ಕಾಣೆಯಾಗುವ ನದಿ

2006ರಲ್ಲಿ ನಾನು ನಾರ್ತ್ ಸಿಡ್ನಿಯ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಪ್ರವಾಹ ನಕ್ಷೆ ತಯಾರಿಸುವ ಎಂಜಿನಿಯರ್ ಆಗಿದ್ದೆ. 2007 ಇದ್ದರೂ ಇರಬಹುದು. ಐರ್ಲೆಂಡಿನಲ್ಲಿ ಆಗ ಎಲ್ಲೆಲ್ಲೂ ಮನೆ ಕಟ್ಟುವ ಭರಾಟೆ. ಅಲ್ಲಿನ ನಮ್ಮ ಶಾಖೆ ಕೆಲಸ ತೂಗಿಸಲಾಗದೆ ಒಂದು ಹಳ್ಳಿಗಾಡಿನ ನದಿಯನ್ನು ನಮಗೆ ಕಳಿಸಿತ್ತು. ನದಿ ಎಂದರೆ ಸರ್ವೇ ಫೈಲುಗಳು. ಅದನ್ನು ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಆದರೂ ಅದರ ನೀರು ಚಹಾದ ಬಣ್ಣದ್ದು ಎಂದು ನನಗೆ ಖಚಿತವಾಗಿ ನೆನಪಿದೆ.

ಹೈಡ್ರಾಲಿಕ್ ಮಾಡೆಲ್ ಎಂಬುದು ಸರಳ. ನದಿಯ ಗೆರೆ ಎಳೆದು, ಅಲ್ಲಲ್ಲಿ ಅದರ ಅಗಲ, ಆಳ ಕೊಟ್ಟರೆ, ಜೋರು ಮಳೆಗೆ ನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಗೆರೆ ಮಾತ್ರ ಎಲ್ಲೂ ತುಂಡಾಗಬಾರದು. ನಮ್ಮ ನದಿ ತುಂಡಾಗಿತ್ತು. ಜೌಗು ಬಯಲಿನಲ್ಲಿ ಸೋಮಾರಿಯಂತೆ ತೆವಳಿ ಬಂದು, ಒಂದು ಕಲ್ಲುಸೇತುವೆ ದಾಟಿ, ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಮಾಯವಾಗುತ್ತಿತ್ತು. ಎರಡು ಕಿಲೋಮೀಟರ್ ಆಚೆ ಮತ್ತೆ ನೆಲದಿಂದ ಎದ್ದು ಬರುತ್ತಿತ್ತು. ನಡುವಿನ ಹುಲ್ಲುಗಾವಲಿನಲ್ಲಿ ಹೊಸ ಮನೆಗಳು ಏಳಬೇಕಿದ್ದವು. ಅಲ್ಲಿಗೆ ನೀರು ಬರುವುದಿಲ್ಲ ಎಂದು ನಮ್ಮ ನಕ್ಷೆ ಹೇಳಿದರೆ ಅನುಮತಿ.

ಮೆಲ್ಬರ್ನ್ ಆಫೀಸಿನ ಪ್ರಾಜೆಕ್ಟ್ ಮ್ಯಾನೇಜರ್ ಶಶಿ, ದಾವಣಗೆರೆಯವರು, ಎರಡು ತುದಿಗಳ ನಡುವೆ ನೇರ ಕಾಲುವೆಯ ಗೆರೆ ಎಳೆದು ಸೇರಿಸಿದರು. ಮಾಡೆಲ್ ಓಡಿತು. ಹುಲ್ಲುಗಾವಲಿಗೆ ಒಂದು ಹನಿಯೂ ತಾಗಲಿಲ್ಲ.

ನನ್ನ ಪಕ್ಕದ ಡೆಸ್ಕಿನ ನೋರಾ ಐರ್ಲೆಂಡಿನ ಆ ಕಡೆಯವಳೇ. ನಕ್ಷೆ ನೋಡಿ ಅವಳಿಗೆ ಗಾಬರಿಯಾಯಿತು. ಚಳಿಗಾಲದಲ್ಲಿ ಅಲ್ಲಿ ನೀರು ದಡ ಮೀರಿ ಬರುವುದಿಲ್ಲ, ಅಡಿಯಿಂದ ಉಕ್ಕುತ್ತದೆ, ವಾರಗಟ್ಟಲೆ ಕೆರೆಯಾಗಿ ನಿಲ್ಲುತ್ತದೆ ಎಂದಳು. ಮನೆ ಬುಕ್ ಮಾಡಿದವರಲ್ಲಿ ಅವಳ ಗೆಳತಿಯೊಬ್ಬಳಿದ್ದಳು. ಡಬ್ಲಿನ್‌ನವಳು, ಬೇಸಿಗೆಯಲ್ಲಿ ಜಾಗ ನೋಡಿ ಮಾರುಹೋದವಳು, ಕೈಯಲ್ಲಿ ಹಸುಗೂಸು.

ಶಶಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಏನಪ್ಪಾ ಇದು, ನದೀನೋ ಕಣ್ಣಾಮುಚ್ಚಾಲೆನೋ? ಶುಕ್ರವಾರ ಸಬ್ಮಿಟ್ ಮಾಡ್ಬೇಕು. ತುಂಡು ಗೆರೆನ ಸಾಫ್ಟ್‌ವೇರೇ ತಗೊಳ್ಳಲ್ಲ ಅಂದ್ರೆ ನಾನೇನ್ ಮಾಡ್ಲಿ?"

"ನಿಮ್ಮ ಮೆಲ್ಬರ್ನ್ ಹತ್ರ ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟೋಕೆ ಬ್ಲಾಕ್ ತಗೊಳ್ಳೋವಾಗ ನೀರು ನಿಲ್ಲುತ್ತಾ ಅಂತ ನನ್ನ ಪ್ರಾಣ ತಿಂದ್ರಲ್ಲ ಶಶಿ. ಈ ಜಾಗದಲ್ಲಿ ನೀವು ಮನೆ ಕಟ್ಟಿಸ್ತಿದ್ರಾ?"

ಆ ಕಡೆಯಿಂದ ಸದ್ದಿಲ್ಲ. ಅಥವಾ ಅವರು ತಕ್ಷಣ ರೇಗಿರಬಹುದು, ಮೌನವನ್ನು ನಾನೇ ಆಮೇಲೆ ಸೇರಿಸಿರಬಹುದು. ಕೊನೆಗೆ ಅಂದದ್ದು ಮಾತ್ರ ಇದು: "ಆ ಕಾಲುವೆ ಗೆರೆ ತೆಗೆದ್ಹಾಕು. ಕ್ಲೈಂಟ್ ಹತ್ರ ನಾನು ಬೈಸ್ಕೋತೀನಿ."

ಗೆರೆ ತೆಗೆದೆವು. ಇಲ್ಲಿ ನೀರು ನೆಲದಡಿ ಹರಿಯುತ್ತದೆ, ನಮ್ಮ ಲೆಕ್ಕಕ್ಕೆ ಸಿಕ್ಕಿಲ್ಲ, ಒಂದು ಚಳಿಗಾಲ ಅಳೆದು ನೋಡಬೇಕು ಎಂದು ಬರೆದು ಕಳಿಸಿದೆವು. ಶಶಿ ಚೆನ್ನಾಗಿಯೇ ಬೈಸಿಕೊಂಡರು. ಅನುಮತಿ ಸಿಗಲಿಲ್ಲ. ಗೆಳತಿ ನೋರಾಳ ಜೊತೆ ಮಾತು ಬಿಟ್ಟಳು.

ಚಳಿಗಾಲದಲ್ಲಿ ಆ ಗೆಳತಿಯಿಂದ ನೋರಾಳಿಗೆ ಒಂದು ಫೋಟೋ ಬಂತು, ಜೊತೆಗೆ ಒಂದಕ್ಷರವಿಲ್ಲ. ಹುಲ್ಲುಗಾವಲಿರಲಿಲ್ಲ, ಬರೀ ನೀರು, ನೀರಿನ ಮೇಲೆ ಹಂಸಗಳು. ಇದನ್ನು ಬರೆಯುವ ಮುಂಚೆ ನೋರಾಳನ್ನು ಕೇಳಿದೆ. ಹಂಸ ಒಂದೂ ಇರಲಿಲ್ಲ, ಬೇಲಿಕಂಬಗಳ ತುದಿ ಮಾತ್ರ ಕಾಣುತ್ತಿತ್ತು ಎಂದಳು.

ಹಾಗಾದರೆ ಹಂಸಗಳನ್ನು ತೆಗೆಯುತ್ತೇನೆ. ತಿಳಿಯದ ಜಾಗವನ್ನು ಅಂದವಾಗಿ ತುಂಬಬಾರದೆಂದು ಈ ವೃತ್ತಿ ಕಲಿಸಿತು. ಕೈ ಇನ್ನೂ ಕಲಿತಿಲ್ಲ. ನೀರು, ಕಂಬಗಳ ತುದಿ. ಅಷ್ಟೇ ಇದ್ದದ್ದು.