ಇದ್ದಿಲ ಗೀಟಿನ ತತ್ತಿ

ಇವತ್ತು ಬೆಳಿಗ್ಗೆ ಹಿಡಕಲ್ ಕಡೆಯ ಬಸ್ಸಿನಲ್ಲಿ ನಮ್ಮ ಚಿಗವ್ವ ಲಗಮವ್ವ ಹನ್ನೆರಡು ತತ್ತಿ ಕಳಿಸಿದ್ದಳು. ಹೊಟ್ಟಿನಲ್ಲಿ ಹುದುಗಿಸಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದ ಬುಟ್ಟಿ. ಮೂಡಲಗಿ ಸ್ಟ್ಯಾಂಡಿನಿಂದ ಮನೆಗೆ ತರುವಷ್ಟರಲ್ಲಿ ಒಂದೂ ಒಡೆದಿರಲಿಲ್ಲ. ಆದರೆ ಒಂದರ ಮೇಲೆ ಇದ್ದಿಲಿನ ಗೀಟಿತ್ತು. ಮೊಬೈಲಿನ ಟಾರ್ಚ್ ಹಚ್ಚಿ ಆ ತತ್ತಿಯನ್ನು ಬೆಳಕಿನ ಮೇಲಿಟ್ಟು ನೋಡಿದೆ. ಒಳಗೆಲ್ಲ ತಿಳಿಯಾಗಿ ಹೊಳೆಯುತ್ತಿತ್ತು, ಕಲೆಯ ಸುಳಿವೇ ಇಲ್ಲ. ಹಾಗಾದರೆ ಗೀಟು ಯಾಕೆ?

ನಿಮಗೆ ಆ ಗೀಟಿನ ಅರ್ಥ ಹೇಳಬೇಕು. ಕೋಳಿಯನ್ನು ಕಾವಿಗೆ ಕೂಡಿಸಿ ವಾರವಾದ ಮೇಲೆ ಲಗಮವ್ವ ಬಾಗಿಲು ಹಾಕಿ ಕೋಣೆ ಕತ್ತಲು ಮಾಡಿಕೊಂಡು ಒಂದೊಂದೇ ತತ್ತಿಯನ್ನು ಬ್ಯಾಟರಿ ಬೆಳಕಿಗೆ ಹಿಡಿಯುತ್ತಾಳೆ. ಕೆಂಪು ನರಗಳ ಬಲೆ ಕಂಡರೆ ಒಳಗೆ ಮರಿ ಇದೆ. ಏನೂ ಕಾಣದಿದ್ದರೆ ಅದು ಬರಡು. ಎರಡೂ ಅಲ್ಲದೆ ಮಸುಕಾಗಿ ಕಂಡದ್ದನ್ನು ಅವಳು ಎಸೆಯುವುದಿಲ್ಲ. ಒಲೆಯ ಇದ್ದಿಲಿನಿಂದ ಗೀಟೆಳೆದು ಮತ್ತೆ ಕೋಳಿಯ ಕೆಳಗಿಟ್ಟು, ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾಳೆ. “ಒಮ್ಮೆ ನೋಡಿ ನ್ಯಾಯ ಹೇಳಬಾರ್ದ ಮಗಳ” ಅನ್ನುತ್ತಾಳೆ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಬೆಳಕಿನ ಪಾಠ ಮಾಡುವವಳು. ಬೋರ್ಡಿನ ತುಂಬ ಬಾಣಗಳನ್ನು ಬರೆದು, ಸುಣ್ಣದ ಪುಡಿಯಲ್ಲಿ ಮಿಂದು ಮನೆಗೆ ಬರುತ್ತೇನೆ. ಬೆಳಕು ಒಂದು ವಸ್ತುವಿನ ಒಳಹೊಕ್ಕು ಅಲ್ಲಿಯ ಸುದ್ದಿ ಹೊರಗೆ ತರುತ್ತದೆ ಎಂಬುದು ಮಾತ್ರ ನನ್ನ ತಲೆಗೆ ಹತ್ತಿದ್ದು ಸಾಲಿ ಕಟ್ಟೆ ಹತ್ತದ ಈ ಹೆಂಗಸಿನ ಬುಟ್ಟಿಯ ಮುಂದೆ ಕೂತಾಗ.

ಅವರದು ಕುರಿ ಸಾಕುವ ಮನೆತನ. ಮೂರು ವರ್ಷದ ಹಿಂದೆ ನಾನು ಹೋದಾಗ ಅವಳ ಕುಬಸದ ಎಡಗಡೆ ಅರಿಷಿಣ ಸುಣ್ಣದ ಕಲೆ ಕಂಡು, ಏನಾಯಿತೆಂದು ಕೇಳಿದೆ.

“ಒಂದ ಗಂಟ ಆಗೇತಿ. ದೀಪಾವಳಿ ಹಿಂದಿನಿಂದ ಐತಿ. ಏನಿಲ್ಲ ಬಿಡ, ಅದು ಒದಿಯೂದಿಲ್ಲ.”

ಕುರಿಯವರ ಲೆಕ್ಕ ಅದು. ದಿನಾ ಬೆಳಿಗ್ಗೆ ಅವಳು ಈದ ಕುರಿಗಳ ಕೆಚ್ಚಲು ಹಿಚುಕಿ ನೋಡುತ್ತಾಳೆ. ಕುರಿ ಒದ್ದರೆ ಕೆಚ್ಚಲಿಗೆ ಬೇನೆ ಬಂದಿದೆ, ಸುಮ್ಮನೆ ನಿಂತರೆ ಚಿಂತೆಯಿಲ್ಲ. ತನ್ನ ಎದೆಯ ಗಂಟಿಗೂ ಅದೇ ಪರೀಕ್ಷೆ ಮಾಡಿಕೊಂಡಿದ್ದಳು. ಒತ್ತಿದರೆ ನೋವಿಲ್ಲ, ಆದ್ದರಿಂದ ರೋಗವಿಲ್ಲ. ಹೆಂಗಸರ ಎದೆಯಲ್ಲಿ ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು ಎಂದು ನಾನು ಕೇಳಿದ್ದೆ.

ದವಾಖಾನೆಗೆ ಬಾ ಎಂದು ಬೇಡಿಕೊಂಡೆ, ಜಗಳ ಮಾಡಿದೆ, ಅತ್ತೂಬಿಟ್ಟೆ. “ನೋವಿಲ್ಲದ್ದಕ್ಕ ಎದಿ ತೆರದ ತೋರಸೂದೇನ?” ಎಂದು ಅವಳು ಕುರಿ ಹೊಡೆದುಕೊಂಡು ಹೋದಳು. ಅದೇ ವಾರ ಗೋಕಾಕದ ಒಂದು ಶಿಬಿರದಲ್ಲಿ ಹೊಸ ಬೆಳಕಿನ ಯಂತ್ರ ಇಟ್ಟು ಹೆಂಗಸರ ಎದೆ ನೋಡುತ್ತಾರೆಂದು ತಿಳಿಯಿತು. ಮತ್ತೆ ಹೋದೆ. “ಚಿಗವ್ವ, ಅಲ್ಲಿ ನಿನ್ನಂಗ ಬೆಳಕಿಗೆ ಹಿಡದ ನೋಡ್ತಾರಂತ” ಎಂದೆ. ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು.

“ತತ್ತಿ ನೋಡಿದಂಗ? ಅದ್ಯಾವ ಬ್ಯಾಟರಿ?”

ಹೆದರಿಕೆಯಿಂದ ಆಗದ ಕೆಲಸ ಕುತೂಹಲದಿಂದ ಆಯಿತು.

ಪರದೆ ಎಳೆದು ಕತ್ತಲು ಮಾಡಿದ ಕೋಣೆ. ಅಂಗೈ ಅಗಲದ ಸಾಧನವನ್ನು ಲೇಡಿ ಡಾಕ್ಟರ್ ಮೆಲ್ಲಗೆ ಅವಳ ಎದೆಗೆ ತಾಗಿಸಿದರು. ಚಿಗವ್ವ ಬಗ್ಗಿ ನೋಡಿದಳು. “ಇದರಾಗ ಬೆಳಕ ಕಾಣವಲ್ದಲ್ರಿ?”

“ಕೆಂಪಿನ ಆಚೆ ಇರೂ ಬೆಳಕರಿ ಇದು. ನಮ್ಮ ಕಣ್ಣಿಗೆ ಕಾಣೂದಿಲ್ಲ, ಮಷೀನಿಗೆ ಕಾಣತೈತಿ. ಮಾಂಸದಾಗ ಹಾಯ್ದ ಹೋಗತೈತಿ, ರಕ್ತ ಇದ್ದಲ್ಲಿ ಹೀರ್ಕೋತೈತಿ. ಕೆಟ್ಟ ಗಂಟು ಬೆಳಿಯಾಕ ರಕ್ತ ಭಾಳ ಎಳ್ಕೋತೈತ್ರಿ, ಅದಕ್ಕ ಅಲ್ಲಿ ಕಪ್ಪ ಕಾಣತೈತಿ.”

ಇದು ಅವಕೆಂಪು ಬೆಳಕು. ಪುಸ್ತಕದಲ್ಲಿ ಇದರ ಬಗ್ಗೆ ಎರಡು ಸಾಲಿವೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಪ್ರತಿ ವರ್ಷ ಹಾರಿಸುತ್ತಿದ್ದೆ. ಪರದೆಯ ಮೇಲೆ ಕಪ್ಪು ಮಚ್ಚೆ ಮೂಡಿತು. ನನಗಿಂತ ಮೊದಲು ಅವಳೇ ಬೆರಳು ತೋರಿಸಿದಳು. “ಇಲ್ಲಿ ರಗತ ಕೂಡೇತಿ.”

“ಇದರ ಮ್ಯಾಲಷ್ಟ ಹೇಳಾಕ ಬರೂದಿಲ್ರಿ” ಎಂದರು ಡಾಕ್ಟರ್. “ಈ ಮಷೀನನ್ನ ಇನ್ನೂ ಪರೀಕ್ಷಾ ಮಾಡಾಕತ್ತೇವಿ. ಸ್ಕ್ಯಾನ್ ಆಗಬೇಕು, ಸೂಜಿ ಹಾಕಿ ತುಣುಕ ತಗದ ನೋಡಬೇಕು.”

“ಅಂದ್ರ ಗೀಟ ಹಾಕಿದ್ರಿ ಅಷ್ಟ. ಇನ್ನೊಮ್ಮೆ ನೋಡಬೇಕು” ಎಂದಳು ಚಿಗವ್ವ. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಅಳು ಬಂತು.

ಹೊರಡುವಾಗ ಅವರು ನನ್ನ ಕಡೆ ತಿರುಗಿ “ಟೀಚರ, ನಿಮ್ಮದೂ ನೋಡೂಣೇನ್ರಿ?” ಎಂದರು. “ನನಗೇನಿಲ್ರಿ, ನೋವಿಲ್ಲ, ಬಸ್ಸಿಗೆ ಹೊತ್ತಾತು” ಎಂದು ಬ್ಯಾಗು ಎತ್ತಿಕೊಂಡೆ. ಚಿಗವ್ವ ನನ್ನನ್ನೊಮ್ಮೆ ನೋಡಿದಳು.

ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು, ಔಷಧಕ್ಕೆ ಕೂದಲೆಲ್ಲ ಉದುರಿತು. ಉಣ್ಣೆ ಕತ್ತರಿಸಿದ ಕುರಿಯ ಹಾಗಾಗಿದ್ದೇನೆಂದು ತಾನೇ ನಕ್ಕಳು. ಈಗ ಕೂದಲು ಬಂದಿದೆ, ಕುರಿಯ ಹಿಂದೆ ಮತ್ತೆ ನಡೆಯುತ್ತಾಳೆ, ಕರೆದಾಗಲೆಲ್ಲ ತಪಾಸಣೆಗೆ ಹೋಗುತ್ತಾಳೆ. ಒದೆಯದ ಕುರಿಯ ಕೆಚ್ಚಲನ್ನೂ ಎರಡು ಸಲ ನೋಡುತ್ತಾಳಂತೆ.

ಗೀಟಿನ ವಿಷಯ ಕೇಳಲು ಫೋನ್ ಮಾಡಿದೆ. “ಚಿಗವ್ವ, ತತ್ತಿ ಛಲೋ ಐತಿ. ಗೀಟ ಯಾಕ ಹಾಕಿದಿ?”

“ತತ್ತಿ ಛಲೋನ ಐತಿ. ಗೀಟ ನಿನಗ ಹಾಕೇನಿ. ಮೂರ ವರ್ಷ ಆತು, ನಿನ್ನ ಯಾರ ನೋಡ್ಯಾರ?”

ನಾನು ಗೀಟಿನ ತತ್ತಿಯನ್ನು ಕೈಗೆತ್ತಿಕೊಂಡೆ.

“ನೋವಿಲ್ಲ ಅಂತ ಮತ್ತ ಹೇಳಬ್ಯಾಡ” ಎಂದು ಫೋನ್ ಇಟ್ಟಳು.

ಅವಳನ್ನು ಕರೆದೊಯ್ದೆನೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕುರಿಯ ಲೆಕ್ಕವನ್ನು ಅವಳು ಬಿಟ್ಟು ಮೂರು ವರ್ಷವಾಯಿತು. ಸೈನ್ಸ್ ಟೀಚರು ಇನ್ನೂ ಅದನ್ನೇ ಹಿಡಿದಿದ್ದಾಳೆ. ಶನಿವಾರಕ್ಕೆ ರಜೆ ಬರೆದು, ಗೋಕಾಕದ ಆಸ್ಪತ್ರೆಯಲ್ಲಿ ಹೆಸರು ಹಚ್ಚಿದೆ. ಖರೆ ಹೇಳುತ್ತೇನೆ, ಹೆದರಿಕೆಯಾಗಿದೆ. ಹನ್ನೊಂದು ತತ್ತಿ ಫ್ರಿಜ್ಜಿಗೆ ಹೋದವು. ಗೀಟಿನದನ್ನು ಕನ್ನಡಿಯ ಮುಂದಿಟ್ಟಿದ್ದೇನೆ, ನೋಡಿಸಿಕೊಂಡು ಬಂದ ಮೇಲೇ ಅದನ್ನು ಒಡೆಯುವುದು.