ನಲವತ್ತೆಂಟು ಸ್ಕ್ರಬ್ಬರ್‌ಗಳು ಮತ್ತು ನೀರು ತುಂಬುವ ಹಬ್ಬ

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಸಂಜೆ ನಾಲ್ಕೂವರೆಗೆ ಹಾವೇರಿಯ ನಮ್ಮ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ಒಂದು ಚಾಪೆ. ಅದರ ಮೇಲೆ, ಹಪ್ಪಳ ಹಾಕಿದಷ್ಟು ಅಚ್ಚುಕಟ್ಟಾಗಿ, ಪಾತ್ರೆ ತಿಕ್ಕುವ ನಲವತ್ತೆಂಟು ಪ್ಲಾಸ್ಟಿಕ್ ಸ್ಕ್ರಬ್ಬರ್‌ಗಳು ಒಣಗುತ್ತಿದ್ದವು. ಹಸಿರು, ಹಳದಿ, ಕೆಂಪು. ಅಂಗಡಿಯಿಂದ ಈಗಷ್ಟೇ ತಂದಂತೆ ಫಳಫಳ.

ನನ್ನ ಎದೆ ಧಸಕ್ಕೆಂದಿತು.

ತೊಳೆದ ಸ್ಕ್ರಬ್ಬರ್ ನೋಡಿ ಎದೆ ಧಸಕ್ಕೆನ್ನುವ ಗಂಡಸರು ನಮ್ಮ ಜಿಲ್ಲೆಯಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಬ್ಯಾಡಗಿಯ ಖಾದರ್. (ಹೆಂಡತಿ ಪಾತ್ರೆ ತೊಳೆಯಲು ಕರೆದಾಗ ಧಸಕ್ಕೆನ್ನುವವರನ್ನು ಇಲ್ಲಿ ಸೇರಿಸಿಲ್ಲ.)

ಸಮುದ್ರ ಇಲ್ಲದ ಊರಿನಲ್ಲಿ ಸಮುದ್ರದ ಮೀನು ಸಾಕುತ್ತೇನೆಂದು ನಾನು ಹೊರಟ ಕಥೆ ನಿಮಗೆ ಗೊತ್ತು. ಇದೇ ಅಂಕಣದಲ್ಲಿ ಹಿಂದೊಮ್ಮೆ ಕೊರೆದಿದ್ದೇನೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ನಾನು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಕ್ಲೌನ್ ಫಿಶ್ ಜೋಡಿಯೊಂದನ್ನು ಬೆಂಗಳೂರಿನ ಅಂಗಡಿಯಲ್ಲಿ ನೋಡಿದೆ, ಮರುಳಾದೆ. ಮೂರಡಿ ಗಾಜಿನ ತೊಟ್ಟಿ ಬಂತು. ಆಮೇಲೆ ಶುರುವಾಯಿತು ನಿಜವಾದ ತಲೆನೋವು: ಫಿಲ್ಟರ್ ಯಾವುದು?

ಮೀನು ತಿನ್ನುತ್ತದೆ, ಹೇಲುತ್ತದೆ. ಅದರಿಂದ ಅಮೋನಿಯಾ. ಅದು ಮೀನಿಗೆ ವಿಷ. ಆ ವಿಷವನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಇವೆ, ಕಣ್ಣಿಗೆ ಕಾಣದ ಪುಣ್ಯಾತ್ಮರು. ಅವರಿಗೆ ನಾವು ಬಾಡಿಗೆಯಿಲ್ಲದೆ ಮನೆ ಕಟ್ಟಿಸಿಕೊಡಬೇಕು. ಆ ಮನೆಯೇ ಬಯಲಾಜಿಕಲ್ ಫಿಲ್ಟರ್. ಇಂಟರ್‌ನೆಟ್ ಸೆಂಟರ್‌ನಲ್ಲಿ ಕೂತು ಓದಿದೆ. ಸಮುದ್ರದ ತಳದ ಕಲ್ಲನ್ನೇ ತಂದಿಡಿ ಎಂದ ಒಬ್ಬ. (ಎಲ್ಲಿಂದ? ವರದಾ ನದಿಯಿಂದಲೆ?) ಮುಚ್ಚಳ ಬಿಗಿದ ಡಬ್ಬಿಯ ಫಿಲ್ಟರ್ ಕೊಳ್ಳಿ ಎಂದ ಇನ್ನೊಬ್ಬ. ಮರಳಿನ ಕೆಳಗೆ ಪೈಪು ಹಾಸಿ ಎಂದ ಮತ್ತೊಬ್ಬ.

ಆಗಲೇ ಯಾರೋ ಖಾದರ್‌ನ ಹೆಸರು ಹೇಳಿದ್ದು. ಬ್ಯಾಡಗಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಮನುಷ್ಯ. ಎರಡು ವರ್ಷದಿಂದ ಉಪ್ಪುನೀರಿನ ಮೀನು ಸಾಕಿದ್ದಾನೆ, ಒಂದೂ ಸತ್ತಿಲ್ಲ. ನಾನು ಇಂಟರ್‌ನೆಟ್‌ನಿಂದ ತೆಗೆಸಿದ ಹಾಳೆಗಳನ್ನೆಲ್ಲ ಅವನ ಮುಂದೆ ಹರಡಿದೆ. ಅವನು ಒಂದನ್ನೂ ನೋಡಲಿಲ್ಲ.

"ಸರ್, ನಿಮ್ಮ ಓಣ್ಯಾಗ ದಿನಾ ಎಷ್ಟ ತಾಸ ಕರೆಂಟ್ ತಗೀತಾರ, ಅದನ್ನ ಮೊದಲ ಹೇಳ್ರಿ. ಫಿಲ್ಟರ್ ಆಮ್ಯಾಲೆ ನೋಡೂಣು."

ಮೂರು ತಾಸು ಎಂದೆ.

"ಹಂಗಾರ ಮುಚ್ಚಿದ ಡಬ್ಬಿ ಬ್ಯಾಡ. ನೀರ ನಿಂತ ಕೂಡಲೇ ಅದರಾಗಿನ ಜೀವ ಉಸಿರ ಕಟ್ಟಿ ಸಾಯ್ತಾವ. ತೆರೆದ ಕೊಡ ಇಡ್ರಿ. ಮ್ಯಾಲಿಂದ ನೀರ ತೊಟ್ಟಿಕ್ಕಲಿ. ಕರೆಂಟ್ ಹೋದ್ರೂ ಹಸಿ ಇರ್ತೈತಿ, ಗಾಳಿ ಆಡ್ತೈತಿ, ಜೀವ ಉಳೀತಾವ. ಒಳಗ ಭಾಂಡೆ ತಿಕ್ಕೋ ಸ್ಕ್ರಬ್ಬರ್ ತುಂಬ್ರಿ. ಅದರ ಸಂದಿ ಸಂದಿನ್ಯಾಗ ಮನಿ ಮಾಡ್ತಾವ."

ಜಗತ್ತಿನ ತಜ್ಞರಿಗೆ ಹೊಳೆಯದ ಪ್ರಶ್ನೆ ಇದು. ಲೋಡ್ ಶೆಡ್ಡಿಂಗ್ ನೋಡಿ ಫಿಲ್ಟರ್ ಆರಿಸುವುದು. ಎರಡು ನೀಲಿ ಪ್ಲಾಸ್ಟಿಕ್ ಕೊಡ ತಂದೆ. ತಳಕ್ಕೆ ತೂತು ಕೊರೆದು, ಸ್ಕ್ರಬ್ಬರ್ ತುಂಬಿ, ಒಂದರ ಮೇಲೊಂದು ಕೂರಿಸಿ ತೊಟ್ಟಿಯ ಮೇಲಿಟ್ಟೆ. ಮೀನಿಲ್ಲದ ತೊಟ್ಟಿಯಿಂದ ಪಂಪಿನಲ್ಲಿ ಉಪ್ಪುನೀರನ್ನು ಕೊಡಕ್ಕೆ ಏರಿಸಿ, ಒಂದೂವರೆ ತಿಂಗಳು ಹರಿಸಿ ಕಾದೆ. ಸ್ಕ್ರಬ್ಬರ್‌ಗಳು ಕಂದು ಬಣ್ಣಕ್ಕೆ ತಿರುಗಿದವು, ಮುಟ್ಟಿದರೆ ಲೋಳೆಲೋಳೆ. ಆ ಲೋಳೆ ನೋಡಿ ನಾನು ಹಿಗ್ಗಿದಷ್ಟು ನನ್ನ ಮದುವೆಯಲ್ಲೂ ಹಿಗ್ಗಿರಲಿಲ್ಲ. ಮೀನು ಬಂದವು. ನಾಲ್ಕು ತಿಂಗಳು ಎಲ್ಲ ಸುಸೂತ್ರ.

ಆ ಹಬ್ಬದ ದಿನ ಬೆಳಿಗ್ಗೆ ಹೆಂಡತಿ, ಮಗಳನ್ನು ರಾಣೆಬೆನ್ನೂರಿನ ತವರಿಗೆ ಬಿಡಲು ಹೋದೆ. ಮನೆಯಲ್ಲಿ ಅವ್ವ ಒಬ್ಬಳೇ.

ನೀರು ತುಂಬುವ ಹಬ್ಬ ಅಂದರೆ ಅವ್ವನಿಗೆ ವರ್ಷದ ಪರೀಕ್ಷೆ. ಹಂಡೆ, ಕೊಡ, ಚರಿಗೆ, ಮನೆಯಲ್ಲಿ ನೀರು ಹಿಡಿಯುವ ಯಾವ ಪಾತ್ರೆಯೂ ಅಂದು ತಿಕ್ಕಿಸಿಕೊಳ್ಳದೆ ಪಾರಾಗುವುದಿಲ್ಲ. ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು, ಹಿಂಡಲಕಾಯಿ ಬಳ್ಳಿ ಕಟ್ಟಿ, ಹೊಸ ನೀರು ತುಂಬಬೇಕು. ಅಂಥ ದಿನ ಕಣ್ಣೆದುರಿಗೆ ಎರಡು ಕೊಡ. ಕೊಡದ ತುಂಬ ಹೊಲಸು ಹಿಡಿದ ಸ್ಕ್ರಬ್ಬರ್. ಯಾವ ಗೃಹಿಣಿ ಬಿಟ್ಟಾಳು, ನೀವೇ ಹೇಳಿ?

"ಜಿಬಿಜಿಬಿ ಅನ್ನಾಕತ್ತಿದ್ದವು," ಎಂದಳು ಅವ್ವ, ಕೆಲಸ ಮುಗಿಸಿದ ಸಮಾಧಾನದಲ್ಲಿ. "ಬಿಸಿನೀರಾಗ ಸಾಬಾಣ ಹಾಕಿ ಮೂರ ಸಲ ತೊಳದೀನಿ. ಕೊಡಾನೂ ತಿಕ್ಕೀನಿ. ಎರಡೂ ತಳಕ್ಕ ತೂತ ಬಿದ್ದಾವು, ಬ್ಯಾರೆ ತಗೊಂಡ ಬಾ. ಮೀನಿಗೂ ಹಬ್ಬ ಅಲ್ಲೇನು, ಒಂದ ಹಿಡಿ ಜಾಸ್ತಿ ಕಾಳ ಹಾಕೀನಿ."

ಒಳಗೆ ಓಡಿದೆ. ಎರಡೂ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಕಿವಿರು ಪಟಪಟ ಬಡಿಯುತ್ತ ಮೂಲೆಗೆ ನಿಂತಿದ್ದವು. ಕೊಟ್ಟ ಕಾಳೆಲ್ಲ ತಳದಲ್ಲಿ ಕೊಳೆಯುತ್ತಿತ್ತು.

"ನಾಲ್ಕ ತಿಂಗಳಿನ ಕೆಲಸ ಒಂದ ತಾಸಿನ್ಯಾಗ ಹಾಳ ಮಾಡಿದಿ. ಅವು ಸತ್ರ ನೀನ ಕೊಂದಂಗ."

ಈ ಮಾತು ಹೇಳಿದವನು ನಾನೇ. ಹಬ್ಬದ ದಿನ, ಬೆಳಗಿನಿಂದ ಬಗ್ಗಿದ ಸೊಂಟ ಎತ್ತದ ತಾಯಿಗೆ. ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಆಡಿದ್ದು ಆಡಿದ್ದೇ. ಪೂಜೆ ಮುಗಿಯಲಿ ಎಂದು ಬೆಳಗಿನಿಂದ ಉಪವಾಸವಿದ್ದ ಅವ್ವ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಳು. ಮೀನು ಸತ್ತರೆ ಅವಳು ಅಂದು ಊಟ ಮಾಡುವುದಿಲ್ಲ ಎಂಬುದು ನನಗೆ ಖಚಿತವಾಯಿತು. ಮರುದಿನವೂ ಅನುಮಾನ.

ಉಳಿದದ್ದು ಒಂದೇ ದಾರಿ. ಖಾದರ್‌ನ ಫಿಲ್ಟರಿನಿಂದ ಹತ್ತು ಹಳೆಯ ಸ್ಕ್ರಬ್ಬರ್ ತಂದು ನಮ್ಮ ಕೊಡಕ್ಕೆ ಹಾಕುವುದು, ಜೊತೆಗೆ ಒಂದು ಬಕೆಟ್ ಅವನ ಉಪ್ಪುನೀರು. ತಳದ ಕಾಳನ್ನು ಆದಷ್ಟು ಬಾಚಿ ತೆಗೆದು ಬೈಕ್ ಹತ್ತಿದೆ. ಮೋಟೆಬೆನ್ನೂರಿನಲ್ಲಿ ತಿರುಗಿ ಬ್ಯಾಡಗಿ ಮುಟ್ಟಿದಾಗ ಹೊತ್ತು ಮುಳುಗಿತ್ತು. (ಮೆಣಸಿನಕಾಯಿ ಸುಗ್ಗಿ ಇನ್ನೂ ದೂರವಿದ್ದರೂ ಆ ಊರು ಎರಡು ಸೀನು ತರಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ.)

ಖಾದರ್ ಕಥೆ ಕೇಳಿ ನಗಲಿಲ್ಲ. ತಕ್ಷಣ ತೋಳೇರಿಸಿ ಫಿಲ್ಟರಿಗೆ ಕೈ ಹಾಕಿದ. ಒಳಗಿನಿಂದ ಅವನ ತಾಯಿ ಬೂಬಮ್ಮ ಬಂದರು.

"ಏನ ಕೊಡಾಕತ್ತಿ?"

"ಹೆಪ್ಪ ಇದ್ದಂಗ ಅಮ್ಮಾ. ಇದನ್ನ ಹಾಕಿದ್ರ ಅವರ ಫಿಲ್ಟರ್ ಕೂಡ್ತೈತಿ. ಮತ್ತ ಒಂದ ಬಕೆಟ್ ಉಪ್ಪನೀರ."

ಖಾದರ್ ಬೇರೆ ಯಾವ ಹೋಲಿಕೆ ಕೊಟ್ಟಿದ್ದರೂ ನಡೆಯುತ್ತಿತ್ತು. ಬೂಬಮ್ಮನ ಮುಖ ಬಿಗಿಯಿತು. "ಹೆಪ್ಪು, ಉಪ್ಪು. ಎರಡೂ ದೀಪ ಹಚ್ಚಿದ ಮ್ಯಾಲೆ ಮನಿಂದ ಹೊರಗ ಹೋಗಂಗಿಲ್ಲ. ನಿಮ್ಮನ್ಯಾಗ ಕೊಡ್ತಾರೇನ್ರಿ ಮಾಸ್ತರ್?"

ಕೊಡುವುದಿಲ್ಲ. ನಮ್ಮ ಓಣಿಯಲ್ಲಿ ಯಾರೂ ಕೊಡುವುದಿಲ್ಲ. ಬ್ಯಾಕ್ಟೀರಿಯಾ, ಅಮೋನಿಯಾ ಅಂತ ಏನೇನೋ ತೊದಲಿದೆ. ಅವರು ಶಾಂತವಾಗಿ ಕೇಳಿ ಹೇಳಿದರು: "ಮುಂಜಾನೆ ಬೇಕಾದ್ರ ಎಲ್ಲಾನೂ ಒಯ್ಯಿರಿ. ಈಗ ಕೊಡೂದ ಇಲ್ಲ. ಆ ಮೀನನ್ನ ಇಲ್ಲಿಗೆ ಕರಕೊಂಡ ಬರ್ರಿ. ಮನಿಗೆ ಬರೋರಿಗೆ ಹೊತ್ತು ಗೊತ್ತು ಇಲ್ಲ."

ಸೈನ್ಸ್ ಮೇಷ್ಟ್ರಿಗೆ ಇದು ಯಾಕೆ ಹೊಳೆದಿರಲಿಲ್ಲ? ಫಿಲ್ಟರನ್ನು ಮೀನಿನ ಬಳಿಗೆ ಸಾಗಿಸುವ ಬದಲು ಮೀನನ್ನೇ ಫಿಲ್ಟರಿನ ಬಳಿಗೆ ತಂದರಾಯಿತು. ಮನೆಗೆ ಫೋನ್ ಹಚ್ಚಿದೆ. ನಡೆದದ್ದು ಹೇಳಿ, ಈಗಲೇ ಬಂದು ಒಯ್ಯುತ್ತೇನೆ ಎಂದೆ.

"ನೀ ಬಂದ ಮತ್ತ ಹೋಗೂದ್ರಾಗ ಅವು ಇರ್ತಾವೇನು?" ಎಂದಳು ಅವ್ವ. "ಹೆಂಗ ತರೂದು ಹೇಳು. ಬಸ್ಸಿಗೆ ಬರ್ತೇನಿ."

ಎಂಟು ಗಂಟೆಯ ಒಳಗೆ ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಸೆರಗಿನೊಳಗೆ ಹಿಟ್ಟಿನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಬದಲು ತೆಳು ಬಟ್ಟೆ. ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಿರಲಿಲ್ಲವಂತೆ. ಕಂಡಕ್ಟರ್ ಇಣುಕಿ ನೋಡಿ, "ಏನವ್ವಾ, ಸಾರಿಗೇನು?" ಎಂದನಂತೆ. "ಹಬ್ಬಕ್ಕ ಹೊಂಟಾವು," ಎಂದಳಂತೆ ಇವಳು.

ಡಬ್ಬಿಯನ್ನು ಖಾದರ್ ತನ್ನ ತೊಟ್ಟಿಯಲ್ಲಿ ಅರ್ಧ ತಾಸು ತೇಲಿಬಿಟ್ಟ. ಲೋಟದಿಂದ ಸ್ವಲ್ಪ ಸ್ವಲ್ಪವೇ ಅಲ್ಲಿಯ ನೀರು ಬೆರೆಸಿದ. ಒಂದು ಮೀನು ಮಗ್ಗುಲಾಗಿ ವಾಲಿತ್ತು. ಅವ್ವ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು.

ಬೂಬಮ್ಮನಿಗೆ ಮಾತ್ರ ಒಂದು ಸಂಶಯ ಉಳಿದಿತ್ತು. "ಅಲ್ಲವ್ವಾ, ಹಬ್ಬದ ದಿನ. ದೀಪ ಹಚ್ಚಿದ ಮ್ಯಾಲೆ ಉಪ್ಪಿನ ನೀರ ನೀ ಹೆಂಗ ಹೊರಗ ತಂದಿ?"

"ಹಚ್ಚಿಲ್ಲ," ಎಂದಳು ಅವ್ವ, ಮೀನಿನಿಂದ ಕಣ್ಣು ತೆಗೆಯದೆ. "ಹಚ್ಚದ ಬಂದೀನಿ."

ನನಗೆ ತಿಳಿದಂತೆ ಅವ್ವ ದೀಪ ತಪ್ಪಿಸಿದ್ದು ಅದೇ ಮೊದಲು. ಜ್ವರ ಬಂದಾಗಲೂ ಗೋಡೆ ಹಿಡಿದು ಹೋಗಿ ಹಚ್ಚಿದವಳು. ದೀಪಾವಳಿಯ ಸಂಜೆ ಇಡೀ ಓಣಿ ಬೆಳಗುವಾಗ ನಮ್ಮ ಮನೆಯೊಂದನ್ನು ಕತ್ತಲಲ್ಲಿ ಬಿಟ್ಟು, ಕೀಲಿ ಹಾಕಿ ಬಂದಿದ್ದಳು. ಕನ್ನಡಕ ಒರೆಸುವ ನೆಪ ಮಾಡಿಕೊಂಡು ಹೊರಗೆ ಹೋಗಿ ನಿಂತೆ.

ಒಳಗೆ ಬಂದಾಗ ವಾಲಿದ್ದ ಮೀನು ನೆಟ್ಟಗಾಗಿತ್ತು. ಸ್ವಲ್ಪ ಹೊತ್ತಿಗೆ ಎರಡೂ ಕಲ್ಲಿನ ಸಂದಿಗೆ ಹೋಗಿ, ಅದು ತಮ್ಮದೇ ಮನೆಯೆಂಬಂತೆ ಖಾದರ್‌ನ ಮೀನನ್ನು ಅಟ್ಟಿಸಿದವು. ಬೂಬಮ್ಮ ಬಾಳೆಹಣ್ಣು, ಹಾಲು ತಂದಿಟ್ಟರು. ಅವ್ವ ಆಗ ತಿಂದಳು. ಮನೆಗೆ ಹೋಗಿ ಮೊದಲು ದೀಪ ಹಚ್ಚಿದಳು, ಆಮೇಲೆ ಚಪ್ಪಲಿ ಬಿಟ್ಟ ಕಾಲು ತೊಳೆಯಲಿಲ್ಲವೆಂದು ನೆನಪಾಗಿ ತನ್ನನ್ನೇ ಬೈದುಕೊಂಡಳು.

ಮರುದಿನ ಹಾಡಹಗಲಲ್ಲಿ ಬ್ಯಾಡಗಿಯಿಂದ ಸ್ಕ್ರಬ್ಬರ್ ಬಂದವು, ಹತ್ತು ಕೇಳಿದರೆ ಹನ್ನೆರಡು. ಮೀನುಗಳು ಒಂದು ತಿಂಗಳು ಅಲ್ಲೇ ಇರಲಿ, ಅವಸರ ಬೇಡ ಎಂದಿದ್ದ ಖಾದರ್. ನಾನು ಲೋಳೆ ಸ್ಕ್ರಬ್ಬರ್‌ಗಳನ್ನು ಕೊಡದಲ್ಲಿ ಜೋಡಿಸುತ್ತಿದ್ದೆ. ಕಸಬರಿಗೆ ಹಿಡಿದು ಬಂದ ಅವ್ವ ಎರಡು ಮಾರು ದೂರದಲ್ಲೇ ನಿಂತಳು.

"ಏನೈತಿ ಅದರಾಗ?"

ಹೇಳಿದೆ. ಮೀನಿನ ಹೊಲಸು, ಅದರ ವಿಷ, ಅದನ್ನು ತಿನ್ನುವ ಕಾಣದ ಜೀವ, ಸಾಬೂನು ಹಾಕಿದರೆ ಅವು ಸಾಯುವುದು. ಒಂಬತ್ತನೇ ಕ್ಲಾಸಿಗೆ ಎರಡು ಪಿರಿಯಡ್ ಹಿಡಿಯುವ ಪಾಠ. ಅವ್ವನಿಗೆ ಎರಡು ನಿಮಿಷ ಸಾಕಾಯಿತು.

"ಮಸರಿನ ಗಡಿಗಿ ಇದ್ದಂಗ. ಪೂರ್ತಿ ತೊಳದ್ರ ನಾಳೆ ಹೆಪ್ಪಿಲ್ಲ."

"ಹೌದು."

"ಇಷ್ಟ ಏನು?"

"ಇಷ್ಟ ಅವ್ವಾ."

ಅವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

"ಇಷ್ಟು ಹೇಳಾಕ ನಾಲ್ಕ ತಿಂಗಳಿನ್ಯಾಗ ನಿನಗ ಎರಡ ನಿಮಿಷ ಪುರಸೊತ್ತ ಸಿಗಲಿಲ್ಲೇನು?"