ಇನ್, ಆನ್, ಅಟ್ ಮತ್ತು ನನ್ನ ಕಾಫಿ

ನನ್ನ ಇಂಗ್ಲಿಷಿಗೆ ಕೈ ಇದೆ, ಕಾಲಿದೆ, ಕೀಲು ಮಾತ್ರ ಇಲ್ಲ. ಎಸ್ಟೇಟ್, ರೈಟರು, ಪಲ್ಪರು, ಡ್ರೈಯಿಂಗ್ ಯಾರ್ಡ್ ಎಂದು ನಾಮಪದಗಳನ್ನು ಎಷ್ಟು ಬೇಕಾದರೂ ಸುರಿಯಬಲ್ಲೆ. ನಮ್ಮ ಮಲ್ಲಂದೂರು ಕಡೆ ಶಾಲೆಯ ಮುಖ ನೋಡದವರೂ ಇಷ್ಟು ಇಂಗ್ಲಿಷ್ ಆಡುತ್ತಾರೆ, ಬಿಡಿ. ಆದರೆ ಒಂದು ಪದವನ್ನು ಇನ್ನೊಂದಕ್ಕೆ ಜೋಡಿಸುವ ಆ ಇನ್, ಆನ್, ಅಟ್ ಎಂಬ ಪುಡಿ ಪ್ರಿಪೊಸಿಷನ್ನುಗಳು ಎದುರಾದವೋ, ಮುಗಿಯಿತು. ನನ್ನ ನಾಲಿಗೆ ಅಲ್ಲೇ ಬ್ರೇಕ್ ಹಾಕುತ್ತದೆ.

ತಪ್ಪು ನನ್ನದಲ್ಲ, ಕನ್ನಡದ್ದು. 'ಅಲ್ಲಿ' ಎಂಬುದೊಂದು ಗೊತ್ತಿದ್ದರೆ ಮನೆಯಲ್ಲಿ, ಬಸ್ಸಿನಲ್ಲಿ, ಬೇಸಿಗೆಯಲ್ಲಿ, ಕಷ್ಟದಲ್ಲಿ ಹೇಗೋ ಬದುಕಿಬಿಡಬಹುದು. ಉ, ಅನ್ನು, ಇಂದ, ಗೆ ಎಂದು ಮಗ್ಗಿಯ ಹಾಗೆ ರಾಗವಾಗಿ ಒಪ್ಪಿಸಿ ಬೆಳೆದವರು ನಾವು. ಅವು ಪದದ ಹಿಂದೆ ತೆಪ್ಪಗೆ ಬರುತ್ತವೆ. ಇಂಗ್ಲಿಷಿನವಕ್ಕೆ ಮಾತ್ರ ದಿಬ್ಬಣದ ವಾಲಗದವರ ಹಾಗೆ ಮುಂದೆಯೇ ಹೋಗಬೇಕೆಂಬ ಹಟ. ಅದರ ಮೇಲೆ ಕಾರಿಗೆ ಇನ್, ಬಸ್ಸಿಗೆ ಆನ್. ಯಾಕೆ ಎಂದರೆ ಇಂಗ್ಲಿಷರಿಗೂ ಗೊತ್ತಿರಲಿಕ್ಕಿಲ್ಲ. ಕಳಸದ ಬಸ್ಸು ಹತ್ತುವವರಿಗೆ ಸೀಟಿನದೇ ಚಿಂತೆ. ಬಸ್ಸಿನ ಒಳಗಿದ್ದೇವೋ ಮೇಲಿದ್ದೇವೋ ಎಂದು ಯೋಚಿಸಲು ಪುರುಸೊತ್ತು ಯಾರಿಗಿದೆ ಹೇಳಿ.

ಇದು ಸಾಲದು ಎಂಬಂತೆ ನನ್ನ ಗಂಡ. ಇವರು ಮನುಷ್ಯ ಒಳ್ಳೆಯವರು, ಕಾನ್ವೆಂಟಿನಲ್ಲಿ ಓದಿದ್ದೊಂದೇ ತೊಂದರೆ. ನಾನೊಂದು ಇಂಗ್ಲಿಷ್ ವಾಕ್ಯ ಶುರುಮಾಡಿದರೆ ಅದು ಮುಗಿಯುವ ಮೊದಲೇ "ಆನ್ ಅಲ್ಲ ಕಣೇ, ಅಟ್" ಎನ್ನುತ್ತಾರೆ. ಅಕ್ಕಿಯಲ್ಲಿ ಕಲ್ಲು ಹೆಕ್ಕುವ ಹಾಗೆ ಹೆಕ್ಕುತ್ತಾರೆ. ಹೀಗಾಗಿ ಇಂಗ್ಲಿಷ್ ಮಾತಾಡುವ ನೆಂಟರು ಬಂದರೆ ಕಾಫಿ ಕೊಟ್ಟು, ಒಂದು ನಗು ನಕ್ಕು, ಒಳಗೆ ಹೋಗುವುದೇ ನನಗೆ ರೂಢಿಯಾಗಿತ್ತು.

ಆ ರೂಢಿ ಈ ವರ್ಷ ಮುರಿದುಬಿತ್ತು. ಅದಕ್ಕೆ ಕಾರಣ ನನ್ನ ಕಾಫಿ. ನನ್ನ ಕಾಫಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜವನ್ನು ತೊಳೆಯದೆ, ಅಂಟಿನ ಸಮೇತ ನೆರಳಲ್ಲಿ ಒಣಗಿಸುವ ಹುಚ್ಚು ನನಗೆ ಹಿಡಿದಿತ್ತು. "ಬೂಷ್ಟು ಹಿಡಿಯುತ್ತೆ, ಸುಮ್ನೆ ಬಿಡು ಮಾರಾಯ್ತಿ" ಎನ್ನುತ್ತಲೇ ಇವರು ಕಣದ ಒಂದು ಮೂಲೆ ಬಿಟ್ಟುಕೊಟ್ಟರು. ಆಗಾಗ ಕೈಯಾಡಿಸಿ, ಮೋಡ ಕಂಡರೆ ಉಣ್ಣುವುದನ್ನು ಬಿಟ್ಟು ಓಡಿ ಟಾರ್ಪಾಲು ಹೊದಿಸಿ, ಅಂತೂ ಒಣಗಿಸಿದೆ. ಬೂಷ್ಟು ಹಿಡಿಯಲಿಲ್ಲ. ಹೊರದೇಶದ ಖರೀದಿದಾರರು ಸ್ಯಾಂಪಲ್ ಕುಡಿದು ನೋಡಲು ಚಿಕ್ಕಮಗಳೂರಿಗೆ ಬರುತ್ತಾರೆ, ಬೆಳೆಗಾರರೇ ತಮ್ಮ ಕಾಫಿಯ ಬಗ್ಗೆ ಎರಡು ಮಾತು ಹೇಳಬೇಕು ಎಂದು ಕರೆ ಬಂತು. ನಾನೇ ಹೇಳುತ್ತೇನೆ ಎಂದೆ. ಆ ವಾರವೆಲ್ಲ ನಮ್ಮ ಮನೆಯ ಸಾರು, ಪಲ್ಯ ನನ್ನ ಭಾಷಣ ಕೇಳುತ್ತಲೇ ಬೆಂದವು.

ಸಭೆಯಲ್ಲಿ ನನ್ನ ಹೆಸರು ಕರೆದರು. ಎದ್ದೆ. 'ಮೈ ಕಾಫಿ ಈಸ್ ಡ್ರೈಡ್' ಎನ್ನುವವರೆಗೆ ದಾರಿ ನುಣ್ಣಗಿತ್ತು. ಆಮೇಲೆ ನೆರಳು ಬಂತು. ಇನ್ ಶೇಡೋ, ಆನ್ ಶೇಡೋ, ಅಂಡರ್ ಶೇಡೋ? ನಾಲಿಗೆ ಬ್ರೇಕ್ ಹಾಕಿತು. ನನ್ನ ಅವಸ್ಥೆ ನೋಡಲಾರದೆ ಇವರು, ಪ್ರೀತಿಯಿಂದಲೇ, ಎದ್ದು ನಿಂತು, ನನ್ನನ್ನು ಕೂರಿಸಿ, ಮಾತು ಮುಂದುವರಿಸಿದರು. ಎಂಥ ಇಂಗ್ಲಿಷ್ ಅಂತೀರಿ. ತೋಟ ಎಷ್ಟು ಎತ್ತರದಲ್ಲಿದೆ, ಯಾವ ಮರಗಳ ಕೆಳಗಿದೆ, ಬಾಬಾಬುಡನ್‌ಗಿರಿಯಿಂದ ಎಷ್ಟು ದೂರ, ಅಜ್ಜನ ಕಾಲದಿಂದ ಹೇಗೆ ನಡೆದು ಬಂದಿದೆ, ಎಲ್ಲ ಬಂತು. ಒಂದು ಪ್ರಿಪೊಸಿಷನ್ನೂ ಎಡವಲಿಲ್ಲ. ಕೂತು ಕೇಳುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಉರಿಯಿತು. ಅಷ್ಟೂ ವಾಕ್ಯಗಳಲ್ಲಿ ನಾನೇ ಇರಲಿಲ್ಲ. ಕಾಫಿ ತನ್ನಷ್ಟಕ್ಕೆ ತಾನೇ ಒಣಗಿಬಿಟ್ಟಿತ್ತು.

ಕೊರಿಯಾದಿಂದ ಬಂದಿದ್ದ ಒಬ್ಬ ಹೆಂಗಸು ಚಮಚದಲ್ಲಿ ನನ್ನ ಕಾಫಿಯನ್ನು ಸುರ್ರೆಂದು ಎಳೆದುಕೊಂಡು, ಕಣ್ಣು ಮುಚ್ಚಿ, ತೆರೆದು, "ಹೂ ಮೇಕ್?" ಎಂದರು. ಇವರು ಮತ್ತೆ ಬಾಯಿ ತೆರೆದರು.

"ರೀ, ಕೂತ್ಕೊಳ್ಳಿ" ಎಂದು ನಾನು ಎದ್ದೆ. "ಐ ಮೇಕ್. ಕ್ಲೌಡ್ ಕಮ್, ಐ ರನ್. ಲಂಚ್ ಸ್ಟಾಪ್."

ಆಕೆ ಗಟ್ಟಿಯಾಗಿ ನಕ್ಕರು. "ಮೈ ಮದರ್ ಆಲ್ಸೋ" ಎಂದರು. "ರೆಡ್ ಚಿಲ್ಲಿ ಡ್ರೈ. ರೇನ್ ಕಮ್, ಮದರ್ ರನ್."

ನನಗಾದ ಖುಷಿಯನ್ನು ಏನೆಂದು ಹೇಳಲಿ. ಕುರ್ಚಿ ಎಳೆದುಕೊಂಡು ಆಕೆಯ ಪಕ್ಕದಲ್ಲೇ ಕೂತೆ. ಮೆಣಸಿನಕಾಯಿ, ಮಳೆ, ಸೊಂಟನೋವು, ಅತ್ತೆ, ಹೀಗೆ ಜಗತ್ತಿನ ಮುಖ್ಯ ವಿಷಯಗಳನ್ನೆಲ್ಲ ಮಾತಾಡಿ ಮುಗಿಸಿದೆವು. ಇಬ್ಬರಿಗೂ ಸೇರಿ ಒಂದೇ ಒಂದು ಪ್ರಿಪೊಸಿಷನ್ನೂ ಖರ್ಚಾಗಲಿಲ್ಲ. ಇನ್ನೂ ಎರಡು ಬಟ್ಟಲು ಕುಡಿದ ಆಕೆ ನನ್ನ ಕಣ ನೋಡಲು ಬರುತ್ತೇನೆಂದು ಕೈಸನ್ನೆಯಲ್ಲೇ ಹೇಳಿದರು.

ಇವರು ಪಕ್ಕದಲ್ಲಿ ನಿಂತಿದ್ದರು. ನಾಲಿಗೆಯ ತುದಿಗೆ ಬಂದ ತಿದ್ದುಪಡಿಗಳನ್ನು ನುಂಗುತ್ತಿದ್ದುದು ಗಂಟಲಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬ ಖರೀದಿದಾರ ಬಂದು ಇವರ ಕೈಕುಲುಕಿ, ನಿಮ್ಮ ಕಾಫಿ ಬಹಳ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೊಗಳಿದ. ಇವರು ತಡವರಿಸಿದರು. ಇಂಗ್ಲಿಷಿಗೆ ಇವರು ತಡವರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ನನ್ನ ಕಡೆ ಕೈ ತೋರಿಸಿ, "ನೋ, ನೋ. ಮೈ ವೈಫ್ಸ್ ಕಾಫಿ" ಎಂದರು.

ವಾಕ್ಯ ಪೂರ್ತಿಯಾಗಿರಲಿಲ್ಲ, ಕ್ರಿಯಾಪದವೂ ಇರಲಿಲ್ಲ. ಆದರೂ ಇವರ ಬಾಯಿಂದ ನಾನು ಇದುವರೆಗೆ ಕೇಳಿದ ಇಂಗ್ಲಿಷಿನಲ್ಲೆಲ್ಲ ಅಷ್ಟು ಸರಿಯಾದದ್ದು ಇನ್ನೊಂದಿಲ್ಲ.